ನಿಘಂಟುಕಾರ ಎ. ಎಸ್. ಹಾರ್ನ್‌ಬಿ

ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆರಳು ಸೋಂಕಿ ಮಾಸಿದ ಪುಸ್ತಕ ಯಾವುದೆಂದು ಯಾರಾದರೂ ಕೇಳಿದರೆ ನಾನು ಕಾವ್ಯವನ್ನಾಗಲಿ ಕಾದಂಬರಿಯನ್ನಾಗಲಿ ತೋರಿಸಲಾರೆ. ಕಪಾಟಿನ ಕೆಳಸಾಲಿನಲ್ಲಿ ಬೆನ್ನು ಹರಿದು ಕುಳಿತಿರುವ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ತೋರಿಸುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಹಳ್ಳಿಗಳಿಂದ ಬಂದ ನಮ್ಮಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಕಲಿತವರು. ಪರೀಕ್ಷೆ ಹತ್ತಿರವಾದಾಗ ಆ ಹೊತ್ತಗೆಯ ಬಳಿ ಸುಳಿಯದವರಿಲ್ಲ. ಆದರೂ ಅದರ ಮೇಲೆ ಬಹುಕಾಲ ಅಚ್ಚಾಗುತ್ತಿದ್ದ ಎ. ಎಸ್. ಹಾರ್ನ್‌ಬಿ ಎಂಬ ಹೆಸರನ್ನು ಗಮನಿಸಿದವರು ಎಷ್ಟು ಮಂದಿ? ಊರಿನ ಹೆಸರು ಎಲ್ಲರ ನಾಲಗೆಯ ಮೇಲಿದೆ. ಮನುಷ್ಯನ ಹೆಸರು ಮರೆತುಹೋಗಿದೆ. ಆ ಮಹನೀಯರ ಬಾಳನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಹೇಳಬೇಕೆಂದಿದ್ದೇನೆ. ನನಗೆ ಅವರ ಪರಿಚಯವಾದದ್ದು ತರಗತಿಯ ಪಾಠದಿಂದಲ್ಲ, ನಾನೇ ಬರೆದ ಒಂದು ಕೆಟ್ಟ ಪತ್ರದಿಂದ.

ಎರಡು ವರ್ಷಗಳ ಹಿಂದೆ ಮಳೆ ಮಿತಿಮೀರಿ ಹೊಸನಗರ ಸೀಮೆಯ ನಮ್ಮ ತೋಟಕ್ಕೆ ಕೊಳೆರೋಗ ತಗುಲಿತು. ಬೋರ್ಡೋ ದ್ರಾವಣ ಹೊಡೆಸುವುದಕ್ಕೆ ಒಂದು ದಿನದ ಬಿಡುವನ್ನೂ ಮಳೆ ಕೊಡಲಿಲ್ಲ. ಅಡಿಕೆಗೆ ಕೊಳೆ ಬಂತೆಂದರೆ ಆ ವರ್ಷದ ಮನೆಯ ಲೆಕ್ಕವೆಲ್ಲ ತಲೆಕೆಳಗಾಗುವುದು ಮಲೆನಾಡಿನವರಿಗೆ ಹೇಳಬೇಕಾದ ಸಂಗತಿಯಲ್ಲ. ಅಪ್ಪ ಬೆಳೆವಿಮೆಗೆ ಹಣ ಕಟ್ಟಿದ್ದರು, ಪರಿಹಾರ ಬರಲಿಲ್ಲ. ವಿಮಾ ಸಂಸ್ಥೆಯೊಂದರ ದೂರದ ಕಚೇರಿಗೆ ಇಂಗ್ಲಿಷಿನಲ್ಲಿ ಬರೆಯುವ ಕೆಲಸ, ಮನೆಯಲ್ಲಿ ಕಾಲೇಜು ಓದುವವಳೆಂದು, ನನ್ನ ಪಾಲಿಗೆ ಬಂತು. ಎರಡು ತಿಂಗಳಲ್ಲಿ ಹಣ ಬರುತ್ತದೆಂದು ಅಧಿಕಾರಿಯೊಬ್ಬರು ಹೇಳಿದ್ದರಷ್ಟೆ. ಅದನ್ನು ನಾನು ‘ದಿ ಆಫೀಸರ್ ಟೋಲ್ಡ್ ದಟ್’ ಎಂದು ಆರಂಭಿಸಿ ಧೈರ್ಯವಾಗಿ ಬರೆದು ಕಳುಹಿಸಿದೆ. ಇಪ್ಪತ್ತು ದಿನಗಳ ಮೇಲೆ ಉತ್ತರ ಬಂತು. ಅಧಿಕಾರಿ ಹೇಳಿದ್ದು ಯಾರಿಗೆ, ಯಾವಾಗ, ವಿವರವಿಲ್ಲದೆ ವಿಚಾರಿಸಲು ಸಾಧ್ಯವಿಲ್ಲ ಎಂದು ಅದರ ಸಾರಾಂಶ. ಕೆಲಸ ತಪ್ಪಿಸಿಕೊಳ್ಳುವ ಉಪಾಯವೆಂದು ಅಪ್ಪ ಸಿಟ್ಟಾದರು. ಇದ್ದರೂ ಇದ್ದೀತು.

ಆ ಕಾಗದವನ್ನು ನಾನು ತೀರ್ಥಹಳ್ಳಿಯಲ್ಲಿರುವ ಅಜ್ಜಯ್ಯನಿಗೆ, ಎಂದರೆ ಅಮ್ಮನ ತಂದೆಗೆ, ತೋರಿಸಿದೆ. ಅವರು ಆ ತಾಲೂಕಿನ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇಂಗ್ಲಿಷ್ ಕಲಿಸಿದವರು. ಈಗ ಎಂಬತ್ತು ದಾಟಿದ್ದಾರೆ. ಅವರು ಕಚೇರಿಯವರನ್ನೂ ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಒಳಗಿನಿಂದ ಬೈಂಡು ಹಾಕಿದ ಒಂದು ದಪ್ಪ ಪುಸ್ತಕವನ್ನು ತಂದು, ‘ಟೆಲ್’ ಎಂಬ ಶಬ್ದವನ್ನು ತೆಗೆದು ಓದೆಂದರು. ಅರ್ಥ ನನಗೆ ಗೊತ್ತಿದ್ದುದೇ. ಅರ್ಥವನ್ನು ಬಿಟ್ಟು ಆವರಣದಲ್ಲಿರುವ ಅಂಕೆಗಳನ್ನು ನೋಡೆಂದರು. ಹಾರ್ನ್‌ಬಿಯವರ ನಿಘಂಟಿನ 1963ರ ಎರಡನೆಯ ಆವೃತ್ತಿ ಅದು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಂಬಳದಲ್ಲಿ ಉಳಿಸಿ, ಶಿವಮೊಗ್ಗದಲ್ಲಿ ಕೊಂಡದ್ದಂತೆ.

ಆ ಅಂಕೆಗಳ ಕಥೆಗೆ ಹೋಗುವ ಮುನ್ನ ನಮ್ಮ ಭಾಷೆಯ ಒಂದು ಅನುಕೂಲವನ್ನು ಹೇಳಬೇಕು. ಕನ್ನಡದಲ್ಲಿ ‘ಎಂದು’ ಎಂಬ ಪುಟ್ಟ ಮಾತೊಂದಿದೆ. ಬಂದನೆಂದು ಹೇಳಿದ, ಬಂದನೆಂದು ತಿಳಿದ, ಬಂದನೆಂದು ಹೆದರಿದ, ಬರಲೆಂದು ಬಯಸಿದ, ಬರಬೇಕೆಂದು ಹಟ ಹಿಡಿದ. ಹಿಂದೆ ಯಾವ ವಾಕ್ಯವಿದ್ದರೂ ಮುಂದೆ ಯಾವ ಕ್ರಿಯಾಪದವಿದ್ದರೂ ಅದು ನಡುವೆ ನಿಂತು ಎರಡನ್ನೂ ಬೆಸೆಯುತ್ತದೆ. ಅದರ ಮೂಲ ‘ಎನ್ನು’ ಧಾತು. ಮಾತಿನಲ್ಲಿ ನಾವು ‘ಅಂತ’ ಎನ್ನುತ್ತೇವೆ. ನಮ್ಮ ಕಡೆಯ ಹವ್ಯಕರ ಮನೆಗಳಲ್ಲಿ ಅದರ ಬದಲು ‘ಹೇಳಿ’ ಎನ್ನುವುದುಂಟು. ಹೇಳಿ ಹೇಳಿದ ಎಂದು ಅವರು ಆಡುವಾಗ ಹೊರಗಿನವರು ನಕ್ಕರೂ, ವ್ಯಾಕರಣದ ದೃಷ್ಟಿಯಿಂದ ಅದು ‘ಎಂದು ಹೇಳಿದ’ ಎಂಬುದರ ಅಣ್ಣತಮ್ಮನೇ. ಇಂಗ್ಲಿಷ್ ಕಲಿಯುವಾಗ ನಾವೇನು ಮಾಡುತ್ತೇವೆ? ‘ಎಂದು’ ಇದ್ದಲ್ಲೆಲ್ಲ ‘ದಟ್’ ಇಡುತ್ತೇವೆ. ‘ಐ ಥಿಂಕ್ ದಟ್’ ಸರಿಹೋಗುತ್ತದೆ, ‘ಐ ಹೋಪ್ ದಟ್’ ಕೂಡ ಸರಿಹೋಗುತ್ತದೆ. ಅದೇ ಧೈರ್ಯದಲ್ಲಿ ‘ಐ ವಾಂಟ್ ದಟ್ ಯೂ ಕಮ್’ ಎನ್ನುತ್ತೇವೆ, ತಪ್ಪಾಗುತ್ತದೆ. ಬಯಕೆಯ ಅರ್ಥವೇ ಉಳ್ಳ ‘ವಿಶ್’ ಎಂಬುದು ‘ದಟ್’ ಅನ್ನು ಒಪ್ಪಿಕೊಂಡರೆ ‘ವಾಂಟ್’ ಒಪ್ಪುವುದಿಲ್ಲ. ಏಕೆಂದು ಕೇಳಿದರೆ ಅರ್ಥದಲ್ಲಿ ಕಾರಣ ಸಿಕ್ಕುವುದಿಲ್ಲ. ಇಂಗ್ಲಿಷಿನಲ್ಲಿ ಪ್ರತಿಯೊಂದು ಕ್ರಿಯಾಪದವನ್ನೂ, ನಿನ್ನ ಹಿಂದೆ ಯಾರು ಬರಬಹುದು ಎಂದು ಬೇರೆಬೇರೆಯಾಗಿ ಕೇಳಿಯೇ ತಿಳಿಯಬೇಕು. ಹಾಗೆ ಒಂದೊಂದನ್ನೂ ಕೇಳುತ್ತ ಹೋದವರೇ ನಮ್ಮ ಕಥಾನಾಯಕರು.

ಆಲ್ಬರ್ಟ್ ಸಿಡ್ನಿ ಹಾರ್ನ್‌ಬಿಯವರು 1898ರ ಆಗಸ್ಟ್ 10ರಂದು ಇಂಗ್ಲೆಂಡಿನ ಚೆಸ್ಟರ್ ಎಂಬ ಪಟ್ಟಣದಲ್ಲಿ ಹುಟ್ಟಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ 1922ರಲ್ಲಿ ಪದವಿ ಪಡೆದರು. 1924ರಲ್ಲಿ ಜಪಾನಿನ ಕ್ಯೂಷೂ ದ್ವೀಪದ ಓಯಿಟ ಎಂಬ ಊರಿನ ವಾಣಿಜ್ಯ ಕಾಲೇಜಿಗೆ ಅಧ್ಯಾಪಕರಾಗಿ ಹೋದರು. ಇಪ್ಪತ್ತಾರು ವರ್ಷದ ತರುಣ. ಹೋದದ್ದು ಸಾಹಿತ್ಯ ಬೋಧಿಸಲು. ಆದರೆ ಎದುರಿಗೆ ಕುಳಿತ ಹುಡುಗರಿಗೆ ಬೇಕಾದದ್ದು ಸಾಹಿತ್ಯಕ್ಕಿಂತ ಮೊದಲು ಭಾಷೆ ಎಂಬುದು ಅವರಿಗೆ ಬೇಗನೆ ಮನವರಿಕೆಯಾಯಿತು. ಇದನ್ನು ಓದುವಾಗ ನನಗೆ ನಮ್ಮದೇ ತರಗತಿಯ ನೆನಪಾಯಿತು. ಒಂದು ಅರ್ಜಿ ಬರೆಯಲು ಬಾರದ ನಮಗೆ ಮೊದಲ ವರ್ಷವೇ ಹಳೆಯ ಆಂಗ್ಲ ಕವಿಗಳ ಸುನೀತಗಳನ್ನು ಬೋಧಿಸಬೇಕಾದ ಉಪನ್ಯಾಸಕರ ಪಾಡನ್ನು ಬಲ್ಲವರೇ ಬಲ್ಲರು. (ಅವರು ಇದನ್ನು ಓದಿ ಕೋಪಿಸಿಕೊಳ್ಳಲಾರರೆಂದು ನಂಬಿದ್ದೇನೆ.)

ಆಗ ಜಪಾನಿನಲ್ಲಿ ಹೆರಾಲ್ಡ್ ಪಾಮರ್ ಎಂಬ ಇನ್ನೊಬ್ಬ ಆಂಗ್ಲ ವಿದ್ವಾಂಸರಿದ್ದರು. ಅಲ್ಲಿನ ಶಿಕ್ಷಣ ಇಲಾಖೆಯ ಸಲಹೆಗಾರರಾಗಿ 1922ರಲ್ಲಿ ಹೋದ ಅವರು ಮರುವರ್ಷ ಟೋಕಿಯೊದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನೆಗೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿದ್ದರು. ಓಯಿಟದಲ್ಲಿದ್ದುಕೊಂಡೇ ಹಾರ್ನ್‌ಬಿಯವರು ಈ ಸಂಸ್ಥೆಯ ಕೆಲಸದಲ್ಲಿ ಕೈಜೋಡಿಸಿದರು. ಯಾವ ಶಬ್ದ ಯಾವ ಶಬ್ದದ ಜೊತೆಗೆ ಕೂಡಿ ಬರುತ್ತದೆ ಎಂಬುದನ್ನು ಸಾವಿರಾರು ಸಂಖ್ಯೆಯಲ್ಲಿ ಸಂಗ್ರಹಿಸುವುದು ಆ ಕೆಲಸ. 1933ರಲ್ಲಿ ಪಾಮರರ ಹೆಸರಿನಲ್ಲಿ ಪ್ರಕಟವಾದ ಆ ವರದಿಯ ಹಿಂದಿನ ದುಡಿಮೆಯಲ್ಲಿ ಹಾರ್ನ್‌ಬಿಯವರ ಪಾಲು ದೊಡ್ಡದು. ಮುಂದೆ ಪಾಮರರು ಅವರನ್ನು ಟೋಕಿಯೊಗೇ ಕರೆಸಿಕೊಂಡರು. 1936ರಲ್ಲಿ ಪಾಮರರು ಸ್ವದೇಶಕ್ಕೆ ಮರಳಿದ ಮೇಲೆ ಸಂಶೋಧನೆಯ ಭಾರವೂ ಸಂಸ್ಥೆಯ ಪತ್ರಿಕೆಯ ಭಾರವೂ ಹಾರ್ನ್‌ಬಿಯವರ ಹೆಗಲಿಗೆ ಬಂದವು.

ಅಲ್ಲಿಂದ ಮುಂದಿನ ನಾಲ್ಕೈದು ವರ್ಷಗಳಲ್ಲಿ ಅವರು ಮಾಡಿದ ಕೆಲಸವೇ ಅವರ ಬಾಳಿನ ಕೆಲಸ. ಆ ಮೊದಲು ಇಂಗ್ಲಿಷ್ ನಿಘಂಟುಗಳಿಗೆ ಕೊರತೆಯಿರಲಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಮಾತೃಭಾಷೆಯಾದವರಿಗೆ ಬರೆದವು. ತಾಯಿಯ ಮಡಿಲಲ್ಲಿ ಮಾತು ಕಲಿತವನಿಗೆ ‘ವಾಂಟ್’ ಎಂಬುದರ ಮುಂದೆ ಏನು ಬರುತ್ತದೆಂದು ಯಾರೂ ಹೇಳಬೇಕಾಗಿಲ್ಲ. ಹೇಳದೆ ಬಿಟ್ಟದ್ದು ಸಹಜ. ಪರಭಾಷೆಯವರನ್ನು ಮನಸ್ಸಿನಲ್ಲಿಟ್ಟುಕೊಂಡ ಕೋಶಗಳೂ ಆಗಲೇ ಹುಟ್ಟಿದ್ದವು. ನಮ್ಮ ದೇಶದಲ್ಲಿಯೇ, ಬಂಗಾಳದ ಢಾಕಾದಲ್ಲಿ ಬಹುಕಾಲ ಕೆಲಸ ಮಾಡಿದ ಮೈಕೇಲ್ ವೆಸ್ಟ್ ಅವರು ಸುಲಭ ಶಬ್ದಗಳಿಂದಲೇ ಅರ್ಥ ಹೇಳುವ ಕೋಶವೊಂದನ್ನು 1935ರಲ್ಲಿ ತಂದಿದ್ದರು. ಆದರೆ ವೆಸ್ಟರ ಕೋಶ ಓದುವವನಿಗೆ. ಬರೆಯುವವನ ಕಷ್ಟ ಬೇರೆ. ಓದುವವನು ಅರ್ಥ ಸಿಕ್ಕೊಡನೆ ಪುಸ್ತಕ ಮುಚ್ಚಬಹುದು. ಬರೆಯಲು ಕುಳಿತವನ ಕಷ್ಟ ಅರ್ಥ ಸಿಕ್ಕ ಮೇಲೆ ಆರಂಭವಾಗುತ್ತದೆ.

ಪರಭಾಷೆಯವನು ಒಂದು ಕ್ರಿಯಾಪದದ ನಡತೆಯನ್ನು ನೋಡಿ ಇನ್ನೊಂದರ ನಡತೆಯನ್ನು ಊಹಿಸುತ್ತಾನೆ. ಅಲ್ಲಿಯೇ ಅವನು ಜಾರಿಬೀಳುತ್ತಾನೆ ಎಂಬುದನ್ನು ಹಾರ್ನ್‌ಬಿಯವರು ತರಗತಿಯಲ್ಲಿ ಕಂಡಿದ್ದರು. ‘ಟೆಲ್ ಮಿ ದಿ ಮೀನಿಂಗ್’ ಸರಿಯಾದ ಮೇಲೆ ‘ಎಕ್ಸ್‌ಪ್ಲೇನ್ ಮಿ ದಿ ಮೀನಿಂಗ್’ ಏಕೆ ಸರಿಯಾಗಬಾರದು? ಜಪಾನಿನ ಹುಡುಗ ಮಾಡಿದ ಊಹೆಯನ್ನೇ ಹೊಸನಗರದ ಹುಡುಗಿಯೂ ಮಾಡುತ್ತಾಳೆ. ಇಬ್ಬರೂ ಬುದ್ಧಿಯನ್ನು ಉಪಯೋಗಿಸಿಯೇ ತಪ್ಪು ಮಾಡುತ್ತಾರೆ. ಇದಕ್ಕೆ ಅವರು ಕಂಡುಕೊಂಡ ಪರಿಹಾರ ಸರಳವಾದದ್ದು. ಇಂಗ್ಲಿಷಿನ ಕ್ರಿಯಾಪದಗಳು ವಾಕ್ಯದಲ್ಲಿ ನಡೆಯುವ ದಾರಿಗಳನ್ನೆಲ್ಲ ವಿಂಗಡಿಸಿ ಇಪ್ಪತ್ತೈದು ಮಾದರಿಗಳನ್ನಾಗಿ ಮಾಡಿದರು. ಒಂದೊಂದಕ್ಕೂ ಒಂದು ಅಂಕೆ ಕೊಟ್ಟರು. ನಿಘಂಟಿನಲ್ಲಿ ಕ್ರಿಯಾಪದದ ಎದುರಿಗೆ ಆ ಅಂಕೆಗಳನ್ನು ಬರೆದರು. ಕ್ರಿಯಾಪದವಾದೊಡನೆ ನೇರವಾಗಿ ‘ದಟ್’ ವಾಕ್ಯ ಬರುವುದು ಹನ್ನೊಂದನೆಯ ಮಾದರಿ. ನಡುವೆ ಒಬ್ಬ ವ್ಯಕ್ತಿ ಬಂದು, ಅವನ ನಂತರ ‘ದಟ್’ ಬರುವುದು ಹನ್ನೆರಡನೆಯದು. ‘ಸೇ’ ಎಂಬುದಕ್ಕೆ ಹನ್ನೊಂದು ಸಲ್ಲುತ್ತದೆ. ‘ಟೆಲ್’ ಎಂಬುದಕ್ಕೆ ಹನ್ನೆರಡು. ‘ಇನ್‌ಫಾರ್ಮ್’ ಕೂಡ ‘ಟೆಲ್’ ಬಳಗದ್ದೇ. ತಿಳಿಸಿದ್ದು ಯಾರಿಗೆಂದು ಹೇಳದೆ ಅದು ಮುಂದಕ್ಕೆ ಹೆಜ್ಜೆಯಿಡದು. ‘ಸಜೆಸ್ಟ್’, ‘ಎಕ್ಸ್‌ಪ್ಲೇನ್’ ಇವು ವ್ಯಕ್ತಿಯನ್ನು ಸೇರಿಸಿಕೊಳ್ಳಬೇಕಾದರೆ ‘ಟು’ ಎಂಬುದರ ಮೂಲಕವೇ ಸೇರಿಸಿಕೊಳ್ಳುತ್ತವೆ. ‘ವಾಂಟ್’ ಎಂಬುದರ ಎದುರು ಹನ್ನೊಂದೂ ಇಲ್ಲ, ಹನ್ನೆರಡೂ ಇಲ್ಲ. ಇಲ್ಲವೆಂಬುದೇ ಅಲ್ಲಿ ತಿಳಿಯಬೇಕಾದ ಸಂಗತಿ. ಬೇರೆ ಕೋಶಗಳಲ್ಲಿ ಮೌನವೆಂದರೆ ಮೌನವಷ್ಟೆ. ಈ ಕೋಶದಲ್ಲಿ ಮೌನಕ್ಕೂ ಒಂದು ಅರ್ಥವಿದೆ. ನಾಮಪದಗಳಲ್ಲಿ ಎಣಿಸಬಹುದಾದವು ಯಾವುವು, ಎಣಿಸಬಾರದವು ಯಾವುವು ಎಂದು ಗುರುತು ಹಾಕಿದ್ದೂ ಇದೇ ಕೋಶದಲ್ಲಿ. ಇ. ವಿ. ಗೇಟನ್‌ಬಿ, ಎಚ್. ವೇಕ್‌ಫೀಲ್ಡ್ ಎಂಬ ಇಬ್ಬರು ಈ ಕಾರ್ಯದಲ್ಲಿ ಅವರಿಗೆ ನೆರವಾದರು.

ಹಸ್ತಪ್ರತಿ ಸಿದ್ಧವಾಗುವ ಹೊತ್ತಿಗೆ ಪ್ರಪಂಚ ಯುದ್ಧದಲ್ಲಿ ಬಿದ್ದಿತ್ತು. 1941ರ ಡಿಸೆಂಬರಿನಲ್ಲಿ ಜಪಾನು ಪರ್ಲ್ ಹಾರ್ಬರಿನ ಮೇಲೆ ಎರಗಿತು. ಬ್ರಿಟನ್ನಿನೊಡನೆಯೂ ಯುದ್ಧ ಆರಂಭವಾಯಿತು. ಹದಿನೇಳು ವರ್ಷ ಆ ದೇಶದ ಮಕ್ಕಳಿಗೆ ಪಾಠ ಹೇಳಿದ ಅಧ್ಯಾಪಕರು ಒಂದು ಬೆಳಗಿನೊಳಗೆ ಶತ್ರುದೇಶದ ಪ್ರಜೆಯಾದರು. ಹಾರ್ನ್‌ಬಿಯವರನ್ನು ಬಂಧನದಲ್ಲಿಟ್ಟರು. 1942ರಲ್ಲಿ ಎರಡೂ ಕಡೆಯವರು ಪರಸ್ಪರ ಪ್ರಜೆಗಳನ್ನು ಬದಲಾಯಿಸಿಕೊಂಡಾಗ ಅವರು ಹಡಗು ಹತ್ತಿ ಸ್ವದೇಶ ಸೇರಿದರು. ಇತ್ತ ಅದೇ 1942ರಲ್ಲಿ, ಟೋಕಿಯೊ ನಗರದಲ್ಲಿ, ಕೈತಾಕುಷಾ ಎಂಬ ಜಪಾನೀ ಪ್ರಕಾಶನ ಸಂಸ್ಥೆ ಅವರ ನಿಘಂಟನ್ನು ಅಚ್ಚುಹಾಕಿ ಹೊರತಂದಿತು! ಇಂಗ್ಲಿಷ್ ಶತ್ರುವಿನ ಭಾಷೆಯಾಗಿದ್ದ ಕಾಲ, ಕರ್ತೃ ಶತ್ರುಪಕ್ಷದವನು. ಆದರೂ ಅಕ್ಷರ ಜೋಡಿಸುವವರು ಅಕ್ಷರ ಜೋಡಿಸಿದರು, ಕರಡು ತಿದ್ದುವವರು ತಿದ್ದಿದರು. ಹಾರ್ನ್‌ಬಿಯವರ ಜೀವನದಲ್ಲಿ ನನ್ನನ್ನು ಬಹುವಾಗಿ ಕಲಕಿದ ಭಾಗ ಇದು. ಇಂಗ್ಲಿಷರ ಭಾಷೆಗೆ ಸಂಬಂಧಿಸಿದ ಇಂಥ ಮಹತ್ತ್ವದ ಗ್ರಂಥ ಮೊದಲು ಬೆಳಕು ಕಂಡದ್ದು ಇಂಗ್ಲೆಂಡಿನಲ್ಲಲ್ಲ, ಅದರ ವೈರಿಯ ರಾಜಧಾನಿಯಲ್ಲಿ. ನಮ್ಮ ಕನ್ನಡಕ್ಕೆ ಮಹಾಕೋಶವನ್ನು ಕೊಟ್ಟವರು ಜರ್ಮನಿಯಿಂದ ಬಂದ ಕಿಟ್ಟೆಲರು. ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ನಿಘಂಟುಗಳಿಗೆ ದೇಶದ ಗಡಿ ಅಷ್ಟಾಗಿ ಗೊತ್ತಿಲ್ಲವೆಂದು ತೋರುತ್ತದೆ.

ಊರು ಸೇರಿದವರು ಸುಮ್ಮನೆ ಕೂರಲಿಲ್ಲ. ಬ್ರಿಟಿಷ್ ಕೌನ್ಸಿಲಿಗೆ ಸೇರಿ ಅದೇ ವರ್ಷ ಇರಾನಿಗೆ ಹೋಗಿ ಟೆಹರಾನಿನಲ್ಲಿ ಅಧ್ಯಾಪಕರನ್ನು ತಯಾರು ಮಾಡುವ ಕೆಲಸದಲ್ಲಿ ತೊಡಗಿದರು. ಯುದ್ಧ ಮುಗಿದ ಮೇಲೆ ಲಂಡನ್ನಿಗೆ ಬಂದು, 1946ರಲ್ಲಿ ಇಂಗ್ಲಿಷ್ ಬೋಧಿಸುವವರಿಗಾಗಿಯೇ ಒಂದು ಪತ್ರಿಕೆಯನ್ನು ಆರಂಭಿಸಿ 1950ರವರೆಗೆ ಅದರ ಸಂಪಾದಕರಾಗಿದ್ದರು. ‘ಇಂಗ್ಲಿಷ್ ಲ್ಯಾಂಗ್ವೇಜ್ ಟೀಚಿಂಗ್’ ಎಂಬ ಆ ಪತ್ರಿಕೆ ಇಂದಿಗೂ ನಡೆಯುತ್ತಿದೆ. 1948ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಟೋಕಿಯೊದ ಪುಟಗಳನ್ನೇ ಛಾಯಾಚಿತ್ರ ತೆಗೆದು, ಹೆಸರು ಬದಲಾಯಿಸಿ ನಿಘಂಟನ್ನು ಮರುಮುದ್ರಿಸಿತು. 1952ರಲ್ಲಿ ಅದಕ್ಕೆ ‘ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ’ ಎಂಬ, ನಮಗೆ ಗೊತ್ತಿರುವ ಹೆಸರು ಬಂತು. 1954ರಲ್ಲಿ ಆ ಮಾದರಿಗಳನ್ನೇ ವಿಸ್ತರಿಸಿ ಅವರು ಬೇರೆ ಒಂದು ಕೈಪಿಡಿಯನ್ನು ಬರೆದರು. ಪಾಠಪುಸ್ತಕಗಳಂತೂ ಹಲವು.

ಈ ಮಾದರಿಗಳ ವಿಚಾರ ನಮ್ಮ ನಾಡಿಗೂ ಬಂತು. 1958ರಲ್ಲಿ ಹೈದರಾಬಾದಿನಲ್ಲಿ ಇಂಗ್ಲಿಷ್ ಬೋಧನೆಯ ಕೇಂದ್ರ ಸಂಸ್ಥೆಯೂ 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಸಂಸ್ಥೆಯೂ ಸ್ಥಾಪನೆಯಾದವು. ಶಬ್ದಾರ್ಥವನ್ನು ಉರುಹೊಡೆಸುವುದರ ಬದಲು ವಾಕ್ಯದ ಅಚ್ಚುಗಳನ್ನು ಬಾಯಲ್ಲಿ ಆಡಿಸಿ ಕಲಿಸುವ ಪದ್ಧತಿ ಹಳ್ಳಿಯ ಶಾಲೆಗಳ ತನಕ ಹರಡಿತು. ಅಜ್ಜಯ್ಯನ ತಲೆಮಾರಿನ ಅಧ್ಯಾಪಕರು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಕೋಷ್ಟಕಗಳು ಆ ಪದ್ಧತಿಯವು. ಎಡಗಡೆಗೆ ಕರ್ತೃ, ನಡುವೆ ಕ್ರಿಯಾಪದ, ಬಲಗಡೆಗೆ ‘ದಟ್’ ವಾಕ್ಯ. ಇಡೀ ತರಗತಿ ಒಕ್ಕೊರಲಿನಿಂದ ಹೇಳುವುದು. ಅದರಿಂದ ಬೇಸರವೂ ಬಂತು, ಗಿಳಿಪಾಠವೆಂಬ ಟೀಕೆಯೂ ಬಂತು, ಕ್ರಮೇಣ ಆ ಪದ್ಧತಿ ಹಿಂದೆ ಸರಿಯಿತು. ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಅಂಕೆಗಳ ವಿಷಯದಲ್ಲಿಯೂ ಹಾಗೆಯೇ. ಕೋಶದ ಮುನ್ನುಡಿಯಲ್ಲಿದ್ದ ಆ ಪಟ್ಟಿಯನ್ನು ಓದುವ ತಾಳ್ಮೆ ಎಷ್ಟು ವಿದ್ಯಾರ್ಥಿಗಳಿಗಿದ್ದೀತು? 1974ರ ಮೂರನೆಯ ಆವೃತ್ತಿಯಲ್ಲಿ ಅಂಕೆಗಳ ಕ್ರಮ ಬದಲಾಯಿತು; 1989ರ ನಾಲ್ಕನೆಯದರಲ್ಲಿ ಅಂಕೆಗಳ ಬದಲು ಅಕ್ಷರಗಳು ಬಂದವು; ಈಗಿನ ಆವೃತ್ತಿಗಳಲ್ಲಿ ಶಬ್ದದ ಪಕ್ಕದಲ್ಲಿಯೇ ಬಿಡಿಸಿ ಬರೆದಿರುತ್ತದೆ. ಹತ್ತನೆಯ ಆವೃತ್ತಿ 2020ರಲ್ಲಿ ಬಂತು. ಮೊಬೈಲಿನಲ್ಲಿ ನೋಡುವವರೂ ಅದನ್ನು ಕಾಣಬಹುದು. ಆದರೆ ನಾವು ಅರ್ಥ ನೋಡಿದೊಡನೆ ಮುಚ್ಚಿಬಿಡುತ್ತೇವೆ.

ಕೋಶದಿಂದ ಬಂದ ಸಂಭಾವನೆ ಸಣ್ಣದಾಗಿರಲಿಲ್ಲ. ಅದರ ದೊಡ್ಡ ಪಾಲನ್ನು ತೆಗೆದಿಟ್ಟು ಹಾರ್ನ್‌ಬಿಯವರು 1961ರಲ್ಲಿ ಒಂದು ಶಿಕ್ಷಣ ನಿಧಿಯನ್ನು ಸ್ಥಾಪಿಸಿದರು. ಪರದೇಶಗಳ ಇಂಗ್ಲಿಷ್ ಅಧ್ಯಾಪಕರು ಬ್ರಿಟನ್ನಿಗೆ ಬಂದು ಹೆಚ್ಚಿನ ವ್ಯಾಸಂಗ ಮಾಡಲು ಆ ನಿಧಿ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ಪರಭಾಷೆಯ ವಿದ್ಯಾರ್ಥಿಗಳು ಕೊಂಡ ಪುಸ್ತಕದ ಹಣ ಅವರ ಗುರುಗಳಿಗೇ ತಿರುಗಿ ಸಂದಿತು. 1978ರ ಸೆಪ್ಟೆಂಬರಿನಲ್ಲಿ, ಎಂಬತ್ತು ತುಂಬಿದ ಮರುತಿಂಗಳಲ್ಲಿ, ಅವರು ತೀರಿಕೊಂಡರು.

ಇನ್ನು ನನ್ನ ಪತ್ರ. ‘ಹೀ ಟೋಲ್ಡ್ ದಟ್’ ಎಂದು ನಮ್ಮಲ್ಲಿ ಎಷ್ಟೋ ಮಂದಿ ದಿನವೂ ಆಡುತ್ತೇವೆ. ಆಡಿದ್ದು ಎದುರಿಗಿದ್ದವರಿಗೆ ತಿಳಿಯುತ್ತದೆ. ಅದಕ್ಕಾಗಿ ಒಬ್ಬರನ್ನು ಹಾಸ್ಯ ಮಾಡುವುದು ಸಣ್ಣತನವೆಂದೇ ನನ್ನ ಅಭಿಪ್ರಾಯ. ಒಂದು ಸಂದರ್ಶನದಲ್ಲಿ ಹೀಗೆಂದು ನನ್ನ ಗೆಳತಿಯೊಬ್ಬಳು ನಗೆಗೀಡಾಗಿ, ಆಮೇಲೆ ಬಾಯಿಯನ್ನೇ ಬಿಡದೆ ಎದ್ದುಬಂದದ್ದನ್ನು ಬಲ್ಲೆ. ಆದರೆ ಅಜ್ಜಯ್ಯ ತೋರಿಸಿಕೊಟ್ಟ ಸಂಗತಿ ಬೇರೆ. ‘ಟೆಲ್’ ಎಂಬ ಕ್ರಿಯಾಪದ ಕೇಳಿದವನ ಹೆಸರನ್ನು ಬೇಡುತ್ತದೆ. ನಾನು ಅದನ್ನು ಬಿಟ್ಟಿದ್ದೆ. ಕನ್ನಡದಲ್ಲಿ ಬಿಟ್ಟರೆ ವಾಕ್ಯಕ್ಕೆ ಊನವಿಲ್ಲ. ಇಂಗ್ಲಿಷಿನಲ್ಲಿ ಬಿಟ್ಟಾಗ ವಾಕ್ಯದಲ್ಲಿ ಒಂದು ತೂತು ಉಳಿಯಿತು, ಆ ತೂತಿನಿಂದಲೇ ಕಚೇರಿ ಜಾರಿಕೊಂಡಿತು. ಹನ್ನೆರಡನೆಯ ಮಾದರಿಯಲ್ಲಿ ಬರೆಯಲು ಹೊರಟರೆ ಯಾರಿಗೆ ಹೇಳಿದರೆಂದು ಬರೆಯದೆ ವಿಧಿಯಿಲ್ಲ. ಅಪ್ಪನಿಗೆ, ಇಂಥ ತಾರೀಖಿನಂದು, ಇಂಥಲ್ಲಿ ಹೇಳಿದರು ಎಂದು ಎರಡನೆಯ ಪತ್ರ ಹೋಯಿತು. ಆ ವಾಕ್ಯವನ್ನು ಅಜ್ಜಯ್ಯ ಮೂರು ಸಲ ಓದಿ, ಒಂದು ಅಲ್ಪವಿರಾಮವನ್ನು ತೆಗೆದುಹಾಕಿದರು.

ಹಣ ಮುಂದಿನ ಸುಗ್ಗಿಯ ಹೊತ್ತಿಗೆ ಬಂತು, ನಿರೀಕ್ಷಿಸಿದಷ್ಟಲ್ಲ. ಅದು ವ್ಯಾಕರಣದಿಂದ ಬಂತೆಂದು ನಾನೂ ಹೇಳಲಾರೆ, ಅಜ್ಜಯ್ಯನೂ ಹೇಳಲಿಲ್ಲ. ನಮ್ಮೂರಿನ ಇನ್ನೂ ನಾಲ್ಕು ಮನೆಯವರು ಆ ಪತ್ರದ ನಕಲನ್ನು ಒಯ್ದು ತಮ್ಮ ತಮ್ಮ ಹೆಸರು, ತಾರೀಖು ಹಾಕಿ ಕಳುಹಿಸಿದರು.

ಅಜ್ಜಯ್ಯನ ಕೋಶ ಈಗ ಹಾಸ್ಟೆಲಿನ ನನ್ನ ಮೇಜಿನ ಮೇಲಿದೆ. ಹನ್ನೊಂದು, ಹನ್ನೆರಡು ಎಂಬ ಅಂಕೆಗಳಿರುವಲ್ಲೆಲ್ಲ ಅವರು ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದ್ದಾರೆ. ‘ಡಬ್ಲ್ಯು’ ಅಕ್ಷರದ ಕೊನೆಯ ಕೆಲವು ಹಾಳೆಗಳನ್ನು ಗೆದ್ದಲು ತಿಂದಿದೆ. ಆ ಭಾಗಕ್ಕೆ ಮಾತ್ರ ನಾನು ಗ್ರಂಥಾಲಯದ ಪ್ರತಿಯ ಬಳಿಗೆ ಹೋಗಬೇಕು. ಅಲ್ಲಿ ಯಾವಾಗಲೂ ಯಾರಾದರೊಬ್ಬರು ಅದನ್ನು ಹಿಡಿದು ಕುಳಿತಿರುತ್ತಾರೆ.